ನಮ್ಮ ಮಾವನ ಕಡ್ಡಿ ಚಾ

ನಮ್ಮ ಮಾವ ಕಳ್ಳ ಅದಾನ. ಖರೇನ ಹೇಳ್ತೀನ್ರಿ! ಆದ್ರ ಬ್ಯಾರೆ ಕಳ್ಳರೆಲ್ಲ ಮಂದಿ ಅಡಿಗಿ ಮನಿ ಹೊಕ್ಕು ಏನರ ಎತ್ಗಂಡು ಬರ್ತಾರ, ಇವ ಹೊಕ್ಕು ಇಟ್ಟು ಬರ್ತಾನ. ಏನಿಡ್ತಾನ? ಚಾ. ಅದೂ ಎಂಥಾ ಚಾ? ಎಲಿ ಇಲ್ಲ, ಪುಡಿ ಇಲ್ಲ, ಬರೇ ಕಡ್ಡಿ! ಜಪಾನ್ ದೇಶದ ಕಡ್ಡಿ!

ಮಾವ ಅಂದ್ರ ನಮ್ಮವ್ವನ ತಮ್ಮ. ಇರಾದು ಕೊಟ್ಟೂರಾಗ, ನಮ್ಮನಿ ಹಿಂದಿನ ಓಣ್ಯಾಗ. ಕೆಲಸ ಡ್ರೈವರ್. ಬಿಳಿ ಅಂಗಿ, ದಪ್ಪ ಮೀಸಿ, ಪಾಲಿಷ್ ಹೊಡದ ಬೂಟು. ಕಂಕುಳಾಗ ಯಾವಾಗ್ಲೂ ಕರೇ ಕಂಬಳಿ ತುಂಡು ಸುತ್ತಿದ್ದು ಏನೋ ಒಂದು ಹಿಡ್ಕಂಡಿರ್ತಾನ, ಆಗಷ್ಟ ಹುಟ್ಟಿದ ಕುರಿ ಮರಿ ಹಿಡ್ಕಂಡಂಗ. ಗೊತ್ತಿಲ್ಲದವ್ರು ಬಸ್ ಸ್ಟ್ಯಾಂಡಾಗ ನಿಲ್ಲಿಸಿ ಕೇಳ್ತಾರ, "ಮರಿಗೆ ಏನಾಗೇತ್ರಿ? ದವಾಖಾನಿಗೆ ಒಯ್ಯಾಕತ್ತೀರೇನು?"

ಮರಿ ಅಲ್ಲಪ್ಪ, ಫ್ಲಾಸ್ಕು!

"ಫ್ಲಾಸ್ಕಿನ್ಯಾಗ ಬಿಸಿ ತಾನ ನಿಲ್ತೈತಲ್ಲ ಮಾವ, ಮ್ಯಾಲ ಕಂಬಳಿ ಯಾಕ?" ಅಂತ ಒಮ್ಮಿ ಕೇಳಿದ್ದೆ.

"ಫ್ಲಾಸ್ಕಿಗೆ ಥಂಡಿ ಆಗಬಾರ್ದಲೇ" ಅಂದ. ಇಂಥಾ ಮನುಷ್ಯ!

ನಂದು ಕೂಡ್ಲಿಗಿ ರೋಡಿಗೆ ಪಂಚರ್ ಅಂಗಡಿ. ಸಾಲಿ ಏಳನೇತ್ತಿಗೇ ಬಿಟ್ಟೆ, ಬಣ್ಣ ಹಚ್ಚಿ ಹೇಳಾಕ ಬರಂಗಿಲ್ಲ. ಟ್ಯೂಬ್ ನೀರಾಗ ಅದ್ದಾದು, ಎಲ್ಲಿ ಗುಳ್ಳಿ ಬರ್ತಾವೋ ಅಲ್ಲಿ ತುಂಡು ಹಚ್ಚಾದು, ಮುಗೀತು. ಇಲ್ಲಿ ಗುಳ್ಳಿ ಬಂದದ್ದು ನಮ್ಮ ಅತ್ತಿ ಕಡಿಂದ. ಅತ್ತಿ ಅಂದ್ರ ಮಾವನ ಹೆಂಡ್ತಿ.

ಅತ್ತಿ ಎಂಥಾ ಚಾ ಹುಚ್ಚಿ ಅಂದ್ರ, ಮದುವಿ ಆಗಿ ಬರುವಾಗ ತವರಿಂದ ಸ್ವಂತ ಚಾ ಕಿಟ್ಲಿ ತಂದಿದ್ಲಂತ! ಗಟ್ಟಿ ಹಾಲು, ಒಂದು ಚಮಚಿ ಮುಂದಾಗಿ ಸಕ್ರಿ, ಜಜ್ಜಿದ ಶುಂಠಿ, ಖಡಕ್ ಪುಡಿ. ಚಮಚಿ ನಿಲ್ಲಿಸಿದ್ರ ನಿಲ್ಲಬೇಕು. ಸಂಜಿಕ ಓಣ್ಯಾಗ ಒಂದು ಸುತ್ತು ಹಾಕಾಕಿ. ಈ ಮನ್ಯಾಗ ಒಂದು ಕಪ್ಪು, ಆ ಮನ್ಯಾಗ ಒಂದು ಕಪ್ಪು. ತಿರುಗಿ ಬರಾದ್ರಾಗ ಯಾರ ಮನಿಗೆ ಗಂಡಿನವ್ರು ಬಂದಿದ್ರು, ಯಾರ ಅಳಿಯ ಸಿಟ್ಟಾಗಿ ಎದ್ದು ಹೋದ, ಎಲ್ಲ ಆಕಿ ಹೊಟ್ಯಾಗ. ನಮ್ಮ ಓಣಿಗೆ ಪೇಪರ್ ಯಾಕ ಬೇಕು?

ಹೋದ ಬ್ಯಾಸಿಗ್ಯಾಗ ಒಂದಿನ ಎದಿ ಡವಡವ ಅಂತು. ಕೂಡ್ಲಿಗಿಗೆ ತೋರಸಾಕ ಕರಕಂಡು ಹೋದ್ವಿ. ಡಾಕ್ಟರು ರಕ್ತ ನೋಡಿದ, ಎದಿ ಇಸಿಜಿ ಪಟ್ಟಿ ತಗದ. "ಎದಿ ಬಡಿತ ಸರಿ ಇಲ್ಲ, ಸಕ್ರಿನೂ ಏರೈತಿ. ಇವತ್ತಿಂದ ಹಾಲು ಸಕ್ರಿ ಹಾಕಿದ ಖಡಕ್ ಚಾ ಪೂರಾ ಬಂದ್" ಅಂದ.

ಅತ್ತಿ ಗುಳಿಗಿ ತಗಂಡ್ಲು, ಅನ್ನ ಬಿಟ್ಟು ರೊಟ್ಟಿಗೆ ಬಂದ್ಲು, ಎಲ್ಲ ಮಾಡಿದ್ಲು. ಆದ್ರ ಚಾದ್ದು ಬ್ಯಾರೆ ರಗಳಿ ಐತಿ ನೋಡ್ರಿ. ನಮ್ಮ ಕಡೆ ಊಟ ಬ್ಯಾಡ ಅನಬೋದು. "ಈಗಷ್ಟ ಉಂಡು ಬಂದೀನಿ" ಅಂದ್ರ ಬಿಡ್ತಾರ. ಚಾ ಬ್ಯಾಡ ಅನ್ನಂಗಿಲ್ಲ! ಅಂದ್ರ ಮನಸಿನ್ಯಾಗ ಏನೋ ಐತಿ ಅಂತ ಅರ್ಥ. "ಅರ್ಧ ಕಪ್ಪಾರ", "ಬಸಿಯಾಗ ಒಂದು ಗುಟುಕಾರ", "ಯಾಕ, ನಾವೇನರ ಅಂದೀವೇನು?" ಅಂತ ಬೆನ್ನು ಹತ್ತತಾರ. ಆಮ್ಯಾಲ ನೀನು ಬಾಗಲಾ ದಾಟಿದ ಕೂಡ್ಲೆ, "ನೋಡಿದ್ಯಾ, ಎಷ್ಟು ದಿಮಾಕು" ಅಂತಾರ.

"ಡಾಕ್ಟರ್ ಬ್ಯಾಡಂದಾನ ಅಂತ ಹೇಳಿಬಿಡು ಅತ್ತಿ, ಅದ್ರಾಗೇನೈತಿ?" ಅಂದೆ ನಾನು.

"ಹೇಳಿದ್ರ ನಾಳಿಂದ ಎಲ್ರೂ ಬ್ರೆಡ್ಡು, ಬಾಳಿಹಣ್ಣು ತಗಂಡು ನನ್ನ ನೋಡಾಕ ಬರ್ತಾರಲೇ! ನಾನೇನು ಹಾಸಿಗಿ ಹಿಡದೀನೇನು?" ಅಂದ್ಲು.

ಅದೂ ಖರೇ. ಆದ್ರ ಒಳಗ ಇನ್ನೊಂದು ಹೆದ್ರಿಕಿ ಇತ್ತು. ಮಾವನ ಮಗಳನ್ನ ಹಗರಿಬೊಮ್ಮನಹಳ್ಳಿಗೆ ಕೊಟ್ಟಾರ. (ಮೊದ್ಲು ನನಗ ಕೊಡಬೇಕು ಅಂತ ಮಾತಿತ್ತು. ನನ್ನ ಓದು ನೋಡಿ ಹುಡುಗಿನ ಬ್ಯಾಡ ಅಂತು. ಚೊಲೋ ಆತು ಬಿಡ್ರಿ, ಆಕಿಗೆ!) ಡಾಕ್ಟರ್ ಹೇಳಿದ ಮ್ಯಾಲ ಅತ್ತಿ ಒಮ್ಮಿ ಆ ಮನಿಗೆ ಹೋಗಿದ್ಲು. ಬೀಗತಿ ಸ್ವಂತ ಕೈಲೆ, ಮನಿ ಎಮ್ಮಿ ಹಾಲಿಂದ ಚಾ ಮಾಡಿ ತಂದು ಮುಂದಿಟ್ಲು. ಅತ್ತಿ "ಬ್ಯಾಡ್ರಿ" ಅಂದ್ಲು. ಕಪ್ಪಿನ ಮ್ಯಾಲ ಕೆನಿ ಕಟ್ಟಿತು. ಅದನ್ನ ನೋಡಿ ಬೀಗತಿ ಮುಖಾನೂ ಕಟ್ಟಿತು. ಅತ್ತಿ ಎದ್ದು ಬಂದ್ಲು.

ಆಮ್ಯಾಲ ಮಗಳ ಫೋನು. "ಯವ್ವಾ, ಇಲ್ಲಿ ದಿನಾ ಅದ ಮಾತು. ನಿಮ್ಮವ್ವಗ ನಮ್ಮನಿ ಚಾ ಮುಟ್ಟಾಕ ಹೇಸಿಗಿ ಆತೇನು ಅಂತಾರ. ಇದ್ದದ್ದು ಹೇಳಿಬಿಡ್ಲೇನು?"

"ಹೇಳಿದ್ರ ನೋಡು ಮತ್ತ! ನನ್ನಾಣಿ! ತಾಯಿಗೆ ಇದ್ದದ್ದು ಮಗಳಿಗೂ ಬರ್ತೈತಿ ಅಂತಾರ. ನಿನ್ನ ಬಾಳ್ವಿ ಏನಾಗಬೇಕು?" ಅಂದ್ಲು ಅತ್ತಿ.

ಅಲ್ಲಿಂದ ಅತ್ತಿ ಯಾರ ಮನಿಗೂ ಹೋಗಾದು ಬಿಟ್ಲು. ಸಂಜಿ ಸುತ್ತು ನಿಂತು ಹೋತು. ಟೀವಿ ಮುಂದ ಕುಂದ್ರಾಕಿ, ಟೀವಿ ಹಚ್ಚದ! ಓಣಿ ಹೆಣ್ಮಕ್ಕಳು ಒಂದೆರಡು ಸಲ ಕರದ್ರು, ಆಮ್ಯಾಲ ಅವರೂ ಬಿಟ್ರು. ಮಾತಿನ ಮಲ್ಲಿ ಅಂತಿದ್ವಿ ಆಕಿಗೆ. ಈಗ "ಉಂಡ್ಯಾ?" ಅಂದ್ರ "ಹ್ಞೂ". ಇಷ್ಟ.

ಮಾವ ಇದನ್ನ ನೋಡಿದ. ಸೀದಾ ಅಟ್ಟ ಹತ್ತಿದ.

ಅಟ್ಟದ ಮ್ಯಾಲ ಏನಿತ್ತು ಅಂತ ಹೇಳ್ತೀನಿ. ಅದಕ್ಕೂ ಮೊದ್ಲು ಸಂಡೂರು ಕಡೆ ಒಂದು ಫ್ಯಾಕ್ಟರಿಗೆ ಮಷಿನ್ ಕುಂದ್ರಸಾಕ ಜಪಾನಿಂದ ಒಬ್ಬ ಎಂಜಿನಿಯರ್ ಬಂದಿದ್ದ. ಅವನ ಕಾರಿಗೆ ನಮ್ಮ ಮಾವನೇ ಡ್ರೈವರ್. ಆ ಮನುಷ್ಯ ಕಾರು ಹತ್ತುವಾಗ ಬಗ್ಗಿ ನಮಸ್ಕಾರ, ಇಳಿವಾಗ ಬಗ್ಗಿ ನಮಸ್ಕಾರ. ಮಾವನೂ ಬಗ್ಗಾದು ಕಲ್ತ. ಅವ ಹೋದ ಮ್ಯಾಲೂ ಚಟ ಹೋಗಲಿಲ್ಲ. ಪೊಲೀಸ್ನವರು ಗಾಡಿ ತಡದ್ರ ಇಳದು ಬಗ್ಗತಾನ! ಅವರು ಗಾಬರಿ ಆಗಿ ಲೈಸೆನ್ಸ್ ಕೇಳಾದು ಮರ್ತು ಬಿಡ್ತಾರ.

ಆ ಎಂಜಿನಿಯರ್ ಊರಿಗೆ ಹೊಂಟಾಗ ತನ್ನ ಹತ್ರ ಉಳದಿದ್ದ ಚಾ ಪ್ಯಾಕೆಟ್ಟೆಲ್ಲ ಮಾವಗ ಕೊಟ್ಟ. ಮಾವ ಬದ್ಲಿಗೆ ಒಂದು ಚೀಲ ಮಂಡಕ್ಕಿ, ಖಾರದ ಮೆಣಸಿನಕಾಯಿ ಕೊಟ್ಟು ಕಳಿಸಿದ. ಆ ಮನುಷ್ಯ ಇನ್ನೂ ಬದುಕ್ಯಾನ, ಅದ ದೊಡ್ಡದು!

ಮಾವ ಅಟ್ಟದಿಂದ ಆ ಪ್ಯಾಕೆಟ್ ಇಳಿಸಿ ಒಂದು ಕತ್ತರಿಸಿದ. ಒಳಗ ನೋಡ್ತೀನಿ, ಸಣ್ಣ ಸಣ್ಣ ಕಡ್ಡಿ! ಹಸರು, ಹಳದಿ, ಬೆಂಕಿ ಕಡ್ಡಿ ಸೀಳಿದಂಗ.

"ಮಾವ, ನಿನಗ ಕಸಾ ಕೊಟ್ಟು ಹೋಗ್ಯಾನ ಅವ" ಅಂದೆ.

"ಮುಚ್ಚಲೇ. ಅವ ದಿನಾ ಇದನ್ನ ಕುಡೀತಿದ್ದ. ಕುಡದು ಕಾರಿನ್ಯಾಗ ಮಕ್ಕಂತಿದ್ದ. ಎದಿ ಡವಡವ ಅನ್ನಾ ಚಾ ಆಗಿದ್ರ ನಿದ್ದಿ ಬರ್ತಿತ್ತೇನು?"

ನೋಡ್ರಿ, ಡ್ರೈವರ್ ಬುದ್ಧಿ! ಹಿಂದಿನ ಸೀಟ್ನ್ಯಾಗ ಯಾರು ಮಕ್ಕಂತಾರ ಅನ್ನಾದರ ಮ್ಯಾಲ ಔಷಧ ಹುಡುಕ್ಯಾನ.

ಆದ್ರೂ ಹೆಂಡ್ತಿ ಎದಿ ವಿಷಯ. ಒಂದು ಹಿಡಿ ಕಡ್ಡಿ ಕಾಗದದಾಗ ಕಟ್ಟಿಕಂಡು ಅದ ಡಾಕ್ಟರ್ ಹತ್ರ ಹೋದ. ಡಾಕ್ಟರು ಕನ್ನಡಕ ಏರಿಸಿ ನೋಡಿದ. "ಯಾವ ಕಸಬರಿಗಿ ಬಿಚ್ಚಿಕಂಡು ಬಂದ್ರಿ?" ಅಂದ. ಮಾವ ಬಗ್ಗಿದ. ಡಾಕ್ಟರು ಮೂಸಿ ನೋಡಿದ, ಫೋನಾಗ ಏನೋ ಓದಿದ. "ಚಾ ಗಿಡದ ದಂಟು ಇದು. ತೆಳ್ಳಗ, ಹಾಲು ಸಕ್ರಿ ಹಾಕದ, ದಿನಕ್ಕೊಂದು ಕಪ್ಪು ಅಡ್ಡಿ ಇಲ್ಲ. ಕೊಡಗಟ್ಲೆ ಬ್ಯಾಡ" ಅಂದ.

ಇನ್ನೇನು ಬೇಕು! ಮಾವ ಜೀವಮಾನದಾಗ ಒಲಿ ಹಚ್ಚಿದಾವ ಅಲ್ಲ. ಅವತ್ತು ಹಚ್ಚಿದ. ನೀರಿಗೆ ಕಡ್ಡಿ ಹಾಕಿ ಕುದಿಸಿದ, ಕುದಿಸಿದ, ಪಾತ್ರಿ ತಳ ಕಾಣಾ ತನಕ ಕುದಿಸಿದ. ವಾಸನಿ ಓಣಿ ತುಂಬ ಹೋತು. ನಮ್ಮವ್ವ ಓಡಿ ಬಂದ್ಲು.

"ಯಾರಿಗೋ ಬಾಣಂತಿ ನೀರು ಕಾಸಾಕತ್ತಿದ್ದು?"

"ಚಾ ಅಕ್ಕ, ಚಾ!"

"ಚಾನ? ನಾನು ತಪ್ಪೇಲಿ ತಗಂಡು ಬರ್ತಿದ್ದೆನಲ್ಲೋ, ಮೈಗೆ ಹಾಕ್ಯಳಾಕ!"

ನನಗ ಒಂದು ಕಪ್ಪು ಕೊಟ್ಟ. ಕುಡದೆ. ನಾಲಿಗಿಗೆ ಪಂಚರ್ ಸೊಲ್ಯೂಷನ್ ಹಚ್ಚಿದಂಗಾತು. ಮ್ಯಾಲಿಂದ ಕೆಳಗ ಬಾಯಿ ಅಂಟಿಕಂತು.

ಹಿಂಗ ಆಗಲ್ಲ ಅಂತ ಮಾವ ಜಪಾನಿಗೇ ವಿಡಿಯೋ ಫೋನ್ ಹಚ್ಚಿದ! ಅವಗ ಕನ್ನಡ ಬರಂಗಿಲ್ಲ, ಇವಗ ಜಪಾನಿ ಬರಂಗಿಲ್ಲ, ಇಂಗ್ಲಿಷ್ ಇಬ್ಬರಿಗೂ ಬರಂಗಿಲ್ಲ. ಹಂಗಾಗಿ ಮಾತು ಭಾಳ ಚೊಲೋ ನಡೀತು. ಮೊದ್ಲು ಇವ ಬಗ್ಗಿದ, ಆಮ್ಯಾಲ ಅವ ಬಗ್ಗಿದ, ಫೋನಾಗ ಇಬ್ಬರ ನೆತ್ತಿನ ಕಾಣ್ತಿದ್ವು. ಮಾವ ಕುದಿಯೋ ಪಾತ್ರಿ ತೋರಿಸಿದ. ಅವ ತಲಿ ಮ್ಯಾಲ ಕೈ ಇಟ್ಗಂಡ!

ಆಮ್ಯಾಲ ಆ ಮನುಷ್ಯ ತನ್ನ ಅಡಿಗಿ ಮನಿಗೆ ಹೋಗಿ ಮಾಡಿ ತೋರಿಸಿದ. ನೀರು ಕಾಸಿದ, ಇಳಿಸಿದ. ಖಾಲಿ ಕಪ್ಪಿಗೆ ಹಾಕಿದ. ಅದರಿಂದ ಇನ್ನೊಂದು ಕಪ್ಪಿಗೆ ಹಾಕಿದ. ನಮ್ಮ ಹೋಟ್ಲಾಗಿನವರಂಗ ಮ್ಯಾಲೆತ್ತಿ ಸುರಿಯಾದಲ್ಲ, ಮೆಲ್ಲಕ. ಕಪ್ಪನ್ನ ಅಂಗೈಲಿ ಹಿಡದು ನೋಡಿದ, ಕೈ ತಡೀತೈತಿ ಅಂದ ಮ್ಯಾಲ ಕಡ್ಡಿ ಮ್ಯಾಲ ಹಾಕಿದ. ಹಾಕಿ, ಕಣ್ಣು ಮುಚ್ಚಿ ಸುಮ್ಮನ ಕುಂತ.

ಅವ ಕಡ್ಡಿ ನೆನಿಲಿ ಅಂತ ಕಾಯಾಕತ್ತಿದ್ದ, ಅಷ್ಟ! ನಮ್ಮ ಮಾವ ಏನು ತಿಳ್ಕಂಡ? ದೇವ್ರಿಗೆ ಕೈ ಮುಗ್ಯಾಕತ್ಯಾನ ಅಂತ! ಬೂಟು ಬಿಚ್ಚಿ, ಫೋನ್ ಮುಂದ ಕೈ ಮುಗದು ನಿಂತ. ಅವತ್ತಿಂದ ಇವತ್ತಿನ ತನಕ ಕಡ್ಡಿ ಮ್ಯಾಲ ನೀರು ಹಾಕಿದ ಕೂಡ್ಲೆ ಮಾವ ಕಣ್ಣು ಮುಚ್ಚಿ ಮನಿ ದೇವ್ರು, ಅತ್ತಿ ತವರಿನ ದೇವ್ರು, ದಾರ್ಯಾಗಿನ ದೇವ್ರು ಎಲ್ಲಾರ ಹೆಸ್ರು ಹೇಳ್ತಾನ. ಹೇಳಿ ಮುಗಿಸಾದ್ರಾಗ ಚಾ ಬರೋಬ್ಬರಿ ಇಳದಿರ್ತೈತಿ. ಎಷ್ಟು ಸಲ ಹೇಳಿದ್ರೂ ಒಪ್ಪಂಗಿಲ್ಲ. "ದೇವ್ರು ಬಿಟ್ಟು ಮಾಡಿ ನೋಡಿದೆನಲೇ, ಒಗರಾತು" ಅಂತಾನ. ಈಗೇನು ಹೇಳ್ತೀರಿ?

ಹಂಗ ಮಾಡಿದ್ದು ನೋಡಾಕ ಹೆಸರಬ್ಯಾಳಿ ತೊಳದ ನೀರಿನ ಬಣ್ಣ. ವಾಸನಿ ಆಗಷ್ಟ ಕೊಯ್ದ ಮೇವಿಂದು. ರುಚಿ? ನಾನು ಸುಳ್ಳು ಹೇಳಂಗಿಲ್ಲ, ಮೊದ್ಲನೇ ಗುಟುಕಿನ್ಯಾಗ ಏನೂ ಇರಲಿಲ್ಲ. ಬಿಸಿ ನೀರು. ಎರಡನೇದ್ರಾಗೂ ಇಲ್ಲ. ಕಪ್ಪು ಕೆಳಗಿಟ್ಟ ಮ್ಯಾಲ ನಾಲಿಗಿ ಹಿಂದಿಂದ ಸಣ್ಣಕ ಒಂದು ಸೀ ಬಂತು. ಎಲ್ಲೋ ತಿಂದೀನಲ್ಲ ಇದನ್ನ ಅಂತ ನೆನಸಾಕತ್ತಿದ್ದೆ, ನಮ್ಮವ್ವ ಅಂದ್ಲು, "ಎಳೇ ಜೋಳದ ದಂಟು ಜಗದು ಉಗುಳಿದ ಮ್ಯಾಲ ಬಾಯಿ ಹಿಂಗ ಇರ್ತೈತಿ ನೋಡು." ಹೌದು, ಬರೋಬ್ಬರಿ ಅದ!

ಅತ್ತಿ ಕುಡದ್ಲು. ಮಾವ ಪರೀಕ್ಷಿ ಬರದ ಹುಡುಗನಂಗ ಆಕಿ ಮುಖ ನೋಡ್ತಿದ್ದ.

"ನೀರಿಗಿಂತ ಮ್ಯಾಲ, ಚಾಕ್ಕಿಂತ ಕೆಳಗ" ಅಂದ್ಲು.

ಮಾವನ ಮೀಸಿ ಇಳೀತು.

"ಆದ್ರ ಕೈಯಾಗ ಬಿಸಿ ಕಪ್ಪು ಇದ್ರ ಏನೋ ಒಂದು ಸಮಾಧಾನ ಆಕತಿ ನೋಡ್ರಿ" ಅಂದ್ಲು. ಅಂದು, ಭಾಳ ದಿನಕ್ಕ ನಮ್ಮವ್ವನ ಜೋಡಿ ಮಾತಿಗೆ ಕುಂತ್ಲು. ಕಪ್ಪು ಖಾಲಿ ಆಗಿ ಆರಿದ್ರೂ ಕೆಳಗ ಇಡಲಿಲ್ಲ.

ಮಾವ ಅದನ್ನ ನೋಡಿ ಮನಸಿನ್ಯಾಗ ಇಟ್ಗಂಡ. ಮರುದಿನ ನನ್ನ ಅಂಗಡಿಗೆ ಬಂದು ಟೈರ್ ಮ್ಯಾಲ ಕುಂತು ಹೇಳಿದ, "ಲೇ, ಆಕಿಗೆ ಚಾ ಅಲ್ಲ ಬೇಕಾಗಿದ್ದು. ಮಂದಿ ಮನ್ಯಾಗ ಕುಂತಾಗ ಕೈಯಾಗ ಕಪ್ಪು ಬೇಕಾಗೈತಿ."

"ಹಂಗಾದ್ರ ಫ್ಲಾಸ್ಕಿನ್ಯಾಗ ಒಯ್ದು ಅಲ್ಲೇ ಹಾಕಿ ಕೊಡು."

"ಹುಚ್ಚ ಅದೀ ಏನು? ಮಂದಿ ಮನಿಗೆ ಹೋಗಿ ನಮ್ಮ ಚಾ ನಾವು ಕುಡದ್ರ ಅದು ಬ್ಯಾಡ ಅನ್ನಾದಕ್ಕಿಂತ ದೊಡ್ಡ ಅವಮಾನ. ಅವರ ಒಲಿ ಕಡಿಂದ, ಅವರ ಕಪ್ಪಿನ್ಯಾಗ, ಅವರ ಕೈಲೆ ಬರಬೇಕು."

ಹಿಂಗ ಶುರುವಾತು ಕಳ್ಳತನ.

ಮೊದ್ಲನೇದು ಕಾನಹೊಸಹಳ್ಳ್ಯಾಗ, ಅತ್ತಿ ದೊಡ್ಡಪ್ಪನ ಮನ್ಯಾಗ. ಅತ್ತಿ ಬರಾಕ ಒಲ್ಲೆ ಅಂದ್ಲು. "ಬಾ, ನಾ ಅದೀನಿ" ಅಂದ ಮಾವ. ಅಲ್ಲಿ ಹೋಗಿ "ನೀರು ಕುಡಿತೀನಿ" ಅಂತ ಸೀದಾ ಅಡಿಗಿ ಮನಿ ಹೊಕ್ಕ. ಒಳಗ ಹೊಸಾ ಸೊಸಿ ಒಬ್ಬಾಕಿನ ಇದ್ಲು. ಇಷ್ಟು ದೊಡ್ಡ ಮೀಸಿ ಗಂಡಸು ಕಂಬಳ್ಯಾಗ ಏನೋ ಮುಚ್ಚಿಕಂಡು, ಪಿಸಪಿಸ ಅನಕಂತ ಒಳಗ ಬಂದ್ರ ಏನು ಮಾಡ್ಬೇಕು ಆಕಿ? ಲಟ್ಟಣಿಗಿ ಎತ್ತಿದ್ಲು! ಮಾವ ಬಗ್ಗಿ ನಮಸ್ಕಾರ ಮಾಡಿದ. ಲಟ್ಟಣಿಗಿ ಎತ್ತಿದ ಕೈ ಅಲ್ಲೇ ನಿಂತು, ಆಕಿಗೆ ನಗು ಬಂತು. ಮಾವ ವಿಷಯ ಹೇಳಿದ. ಆಕಿ ಸೆರಗು ಬಾಯಿಗೆ ಹಿಡ್ಕಂಡು ತನ್ನ ಮನಿ ಕಪ್ಪಿನ್ಯಾಗ ಹಾಕಿ, ತನ್ನ ಕೈಲೆ ತಂದು ಅತ್ತಿಗೆ ಕೊಟ್ಲು.

ಅತ್ತಿ ಆ ಮನ್ಯಾಗ ಕುಂತದ್ದು ಹೆಂಗ ಗೊತ್ತೇನು? ಬಸ್ಸು ಹೋತು, ಅದರ ಹಿಂದಿನ ಬಸ್ಸೂ ಹೋತು. ಮಾವ ಹೊರಗ ಕಟ್ಟಿ ಮ್ಯಾಲ ಕುಂತು ಒಳಗಿನ ಆಕಿ ನಗು ಕೇಳ್ತಿದ್ದ. "ಹೊತ್ತಾತು, ಕರಿ" ಅಂತ ನಾ ಅಂದ್ರ, "ಇರ್ಲಿ ಬಿಡಲೇ" ಅಂದ.

ಒಂದೊಂದಿನ ಕೆಡತಿತ್ತು. ಈ ಬ್ಯಾಸಿಗ್ಯಾಗ ಹೊಳಿ ದಂಡಿ ಊರು ಹಲವಾಗಲಿಗೆ, ನೆಂಟರ ಮನಿಗೆ ಹೋಗಿದ್ವಿ. ಬಿಸಲಿಗೆ ಕಾಗಿನೂ ಬಾಯಿ ತಕ್ಕಂಡು ಕುಂತಿದ್ವು. "ಇವತ್ತು ಬಿಸೇದು ಬ್ಯಾಡ, ಐಸ್ ಹಾಕಿ ಕೊಡಾಣು. ಜಪಾನ್ನ್ಯಾಗ ಬ್ಯಾಸಿಗಿಗೆ ಹಂಗ ಕುಡಿತಾರಂತ" ಅಂದ ಮಾವ. ಗಟ್ಟಿಗೆ ಇಳಿಸಿದ ಚಾ ಫ್ಲಾಸ್ಕಿನ್ಯಾಗ ಐತಿ. ಐಸ್? ಆ ಮನಿ ಫ್ರಿಜ್ಜಿಗೆ ಕರೆಂಟ್ ಇಲ್ಲ. ಮಾವ ಹೊಳಿ ದಂಡಿಗೆ ಓಡಿ ಹೋಗಿ, ಲೋಟದ ತುಂಬ ಐಸ್ ತಂದ. ಎಲ್ಲಿಂದ ಅಂತ ಯಾರೂ ಕೇಳಲಿಲ್ಲ. ಅತ್ತಿ ಒಂದು ಗುಟುಕು ಕುಡದು ಕಪ್ಪು ದೂರ ಹಿಡದು ನೋಡಿದ್ಲು. ನಾನು ಇಸಗಂಡು ಕುಡದೆ.

"ಮಾವ! ಇದು ಮೀನದ ಡಬ್ಬಿ ಐಸು!"

"ಅವರು ಮೀನ ಜಾಸ್ತಿ ತಿನ್ನಾ ಮಂದಿ" ಅಂದ ಮಾವ, ಮುಖ ಗಂಟು ಹಾಕಿ. "ಇದು ಅಸಲಿ ರುಚಿ."

ಅವತ್ತಿಂದ ಐಸ್ ಸುದ್ದಿ ಬಿಟ್ಟ. ಫ್ಲಾಸ್ಕಿನ್ಯಾಗಿನ ಚಾ ಸ್ಟೀಲ್ ಬಾಟ್ಲಿಗೆ ಬಗ್ಗಿಸಿ ನನ್ನ ಅಂಗಡಿ ಟ್ಯೂಬ್ ಅದ್ದಾ ತೊಟ್ಟ್ಯಾಗ ತಣ್ಣಗ ಇಡ್ತಿದ್ದ. ಗಿರಾಕಿ ಕೇಳ್ತಾರ, "ಅದೇನು ಬಾಟ್ಲಿ?" "ಹೆಂಡಲ್ರಿ, ಚಾ." ಯಾವ ಗಿರಾಕಿ ನಂಬ್ತಾನ?

ಅರಸೀಕೆರ್ಯಾಗ, ಇನ್ನೊಬ್ಬ ನೆಂಟರ ಮನ್ಯಾಗ, ಇನ್ನೂ ದೊಡ್ಡ ಹಣೆಬರಹ. ಚಾ ತಂದ ಟ್ರೇದಾಗ ಕಪ್ಪು ಅದಲು ಬದಲು ಆದ್ವು. ಅತ್ತಿ ಕಡ್ಡಿ ಚಾ ಹೋಗಿ ಪಕ್ಕದ ಮನಿ ರಿಟೈರ್ಡ್ ಮಾಸ್ತರ ಕೈಗೆ ಸೇರ್ತು. ಮಾಸ್ತರು ಕುಡದು, ಕಪ್ಪಿನ ತಳ ನೋಡಿ, "ಏನಮ್ಮ, ಹಾಲಿನಾಕಿ ಇವತ್ತು ಬಂದಿಲ್ಲೇನು?" ಅಂದ. ಮನಿ ಯಜಮಾನಗ ಮರ್ಯಾದಿ ಹೋದಂಗಾತು. ಹಾಲಿನಾಕಿನ ಕರಸೇ ಬಿಟ್ಟ!

"ಏನವ್ವ, ಹಾಲಿಗೆ ನೀರು ಹಾಕ್ತಿ ಅಂತ ಗೊತ್ತಿತ್ತು. ನೀರಿಗೆ ಹಾಲಾದ್ರೂ ಹಾಕಬಾರ್ದಾ?"

"ಯಪ್ಪಾ, ನನ್ನ ಎಮ್ಮಿ ಮ್ಯಾಲ ಆಣಿ..." ಆಕಿ ಅಳಾಕ ಶುರು ಮಾಡಿದ್ಲು. ಮಾವ ತಡಕಳಲಿಲ್ಲ. ಆಕಿ ಹಿಂದ ಮನಿತನಕ ಹೋಗಿ, ಬಗ್ಗಿ, ಇದ್ದದ್ದು ಹೇಳಿ ಬಂದ. ಆಕಿ ಬೈಲಿಲ್ಲ. "ಹೆಂಡ್ತಿ ಸಲುವಾಗಿ ಇಷ್ಟು ಮಾಡ್ತೀಯೇನಪ್ಪ" ಅಂತ ತನ್ನ ಗಂಡನ ಕಡೆ ತಿರುಗಿ ನೋಡಿದ್ಲಂತ. ಆ ಗಂಡಗ ಅವತ್ತು ಸುಮ್ಮನ ಸಂಕಟ!

ಹಿಂಗ ಅತ್ತಿ ಒಂದೊಂದ ಮನಿ ತಿರುಗಿ ಗಳಿಸಿದ್ಲು. ಓಣಿ ಸುತ್ತೂ ಶುರು ಆತು. ಆದ್ರ ಒಂದು ಮನಿ ಹಂಗ ಉಳದಿತ್ತು. ಬೀಗರ ಮನಿ.

ಈಗ ಮಗಳಿಗೆ ಏಳು ತಿಂಗಳು. ಸೀಮಂತದ ಕುಬುಸ ಮಾಡಿ ಬಾಣಂತನಕ್ಕ ತವರಿಗೆ ಕರಕಂಡು ಬರಬೇಕು. ಬೀಗತಿ ಮೊದ್ಲ ಯಾರ ಕೈಲೋ ಹೇಳಿ ಕಳಿಸಿದ್ಲು, "ನಮ್ಮನಿ ಚಾ ಮುಟ್ಟದವರು ನಮ್ಮ ಸೊಸಿನ ಹೆಂಗ ಕರಕಂಡು ಹೋಗ್ತಾರ ನೋಡಾಣು" ಅಂತ. ಅತ್ತಿ ಎರಡು ದಿನ ಸರಿಯಾಗಿ ಉಣಲಿಲ್ಲ. ಮಗಳು ಅಲ್ಲೇ ಉಳದ್ರ? ಮೊದ್ಲ ಬಾಣಂತನ ತವರಾಗ ಆಗದಿದ್ರ ಆಕಿ ಮನಸಿಗೆ ಹೆಂಗಾಗಬೇಕು?

"ಹೆದ್ರಬ್ಯಾಡ" ಅಂದ ಮಾವ. ಅವತ್ತು ದೇವ್ರ ಹೆಸ್ರು ಎರಡು ಸಲ ಹೇಳಿದ ಅನಸತೈತಿ, ಚಾ ಸ್ವಲ್ಪ ಗಟ್ಟಿ ಆಗಿತ್ತು.

ಹೋದ್ವಿ. ಅಡಿಗಿ ಮನ್ಯಾಗ ನೋಡಿದ್ರ ಹೆಣ್ಮಕ್ಕಳೇ ಹೆಣ್ಮಕ್ಕಳು, ಹೋಳಿಗಿ ಬೇಯಿಸಾಕತ್ಯಾರ. ಬೀಗರ ಮನ್ಯಾಗ ಅಲ್ಲಿಗೆ ಗಂಡಸು ಹೊಗಾಕ ಸಾಧ್ಯನ ಇಲ್ಲ. ಮಾವ ಬೆವತು ಬಿಟ್ಟ. ಫ್ಲಾಸ್ಕು ನನ್ನ ಕೈಗೆ ಕೊಟ್ಟು, "ಹಿತ್ತಲ ಬಾಗಲಾಗ ನಿಲ್ಲು, ನಮ್ಮ ಹುಡುಗಿನ ಸನ್ನಿ ಮಾಡಿ ಕರಿ" ಅಂದ. ಕರದೆ. ಆಕಿ ಹೊಟ್ಟಿ ಹಿಡ್ಕಂಡು ಬಂದ್ಲು. ಫ್ಲಾಸ್ಕು ಇಸಗಂಡು, "ನಮ್ಮಪ್ಪ ಇನ್ನೂ ಈ ಆಟ ಬಿಟ್ಟಿಲ್ಲೇನು?" ಅಂತ ನಕ್ಕು, ಒಂದು ಕಪ್ಪಿಗೆ ಹಾಕಿ ಟ್ರೇದಾಗ ಇಟ್ಲು.

ನಾನು ಓಡಿ ಬಂದು ಪಡಸಾಲ್ಯಾಗ ಕುಂತೆ. ಬೀಗತಿ ಟ್ರೇ ತಾನ ಹಿಡ್ಕಂಡು ಬಂದ್ಲು. ನೇರ ಅತ್ತಿ ಮುಂದ ನಿಂತ್ಲು. ಟ್ರೇ ನೋಡಿದ್ಲು.

"ಇದ್ಯಾಕ ಹಿಂಗೈತಿ? ಯಾರು ಹಾಕಿದ್ದು ಇದನ್ನ? ಬೀಗರಿಗೆ ಇಂಥಾ ನೀರು ಚಾ ಕೊಡ್ತಾರೇನು? ತಗಂಬರ್ರಿ ಹಾಲು!"

ಯಾರೋ ಹಾಲಿನ ಪಾತ್ರಿ ತಂದೇ ಬಿಟ್ರು. ಬೀಗತಿ ಕಪ್ಪಿಗೆ ಬಗ್ಗಿಸಾಕ ಹೋದ್ಲು. ಮಾವ ಎದ್ದು ನಿಂತ. ಏನು ಮಾಡ್ಬೇಕು ತಿಳೀಲಿಲ್ಲ, ಬಗ್ಗಿದ. ಯಾರಿಗೆ ಬಗ್ಗಿದನೋ, ಹಾಲಿನ ಪಾತ್ರಿಗೋ, ಏನೋ!

"ತಡೀರಿ ಬೀಗತೇರ." ಅತ್ತಿ ದನಿ ಅದು. "ಹಾಲು ಹಾಕಬ್ಯಾಡ್ರಿ. ಅದು ನಂದ ಕಪ್ಪು. ನಮ್ಮನಿಂದ ತಂದದ್ದು."

ಎಲ್ರೂ ಅತ್ತಿ ಕಡೆ ತಿರುಗಿದ್ರು.

"ನನ್ನ ಎದಿ ಸರಿ ಇಲ್ರಿ. ಸಕ್ರಿನೂ ಐತಿ. ಡಾಕ್ಟರು ಚಾ ಬಂದ್ ಮಾಡ್ಯಾನ. ಹೋದ ಸಲ ನಿಮ್ಮ ಕಪ್ಪು ಬಿಟ್ಟು ಹೋದದ್ದು ಅದಕ್ಕ. ಹೇಳಿದ್ರ ನನ್ನ ಮಗಳಿಗೂ ಬರ್ತೈತಿ ಅಂತೀರೇನೋ ಅಂತ ಹೆದ್ರಿದ್ದೆ. ಈಗ ಹೇಳೀನಿ. ನೀವು ಏನರ ಅನ್ನಾದಿದ್ರ ನನಗ ಅನ್ರಿ, ಆಕಿಗೆ ಅನಬ್ಯಾಡ್ರಿ."

ಬೀಗತಿ ಹಾಲಿನ ಪಾತ್ರಿ ಹಿಡ್ಕಂಡ ಅಲ್ಲೇ ನೆಲಕ್ಕ ಕುಂತ್ಲು.

"ಇಷ್ಟ ಏನ್ರಿ?" ಅಂದ್ಲು. "ಬರೇ ಇಷ್ಟ? ನಾನು ನಮ್ಮ ಎಮ್ಮಿ ಹಾಲು ವಾಸನಿ ಬಂತು, ಅದಕ್ಕ ಇವರು ಕುಡೀಲಿಲ್ಲ ಅಂತ ತಿಳ್ಕಂಡು... ಆ ಎಮ್ಮಿನ ಮಾರಿ ಬಿಟ್ನೆಲ್ರೀ!"

"ಏನಂದ್ರಿ?"

"ಮಾರಿ ಬ್ಯಾರೆ ಎಮ್ಮಿ ತಂದ್ವಿ! ಇವತ್ತು ನೀವು ಬರ್ತೀರಂತ ಅದರ ಹಾಲಿಂದ ಚಾ ಮಾಡೀನಿ. ಹಳೇ ಎಮ್ಮಿ ಎಷ್ಟು ಚೊಲೋ ಇತ್ತು ಗೊತ್ತೇನ್ರಿ? ಒದೀತಿದ್ದಿಲ್ಲ, ಹಾಯ್ತಿದ್ದಿಲ್ಲ..."

ಯಾರು ಮೊದ್ಲು ನಕ್ರೋ ಗೊತ್ತಿಲ್ಲ. ನಕ್ಕು ನಕ್ಕು ಬೀಗತಿ ಕಣ್ಣಾಗ ನೀರು ಬಂತು. ಕಡೀಕ ಅದು ನಗುವಿಂದೋ, ಎಮ್ಮಿ ಸಲುವಾಗಿ ಬಂದದ್ದೋ ತಿಳೀಲಿಲ್ಲ. ಸೆರಗಿಲೆ ಒರಸಿಕಂಡು, "ಕುಡೀರಿ, ನಿಮ್ಮದ ಕುಡೀರಿ" ಅಂತ ಕಡ್ಡಿ ಚಾ ಕಪ್ಪು ತಾನ ಎತ್ತಿ ಅತ್ತಿ ಕೈಗೆ ಕೊಟ್ಲು. "ಮಗಳು ನಿಮ್ಮಾಕಿ. ಬಾಣಂತನ ಮುಗಿಸಿ ಕಳಿಸ್ರಿ, ಅವಸರ ಇಲ್ಲ."

ಅತ್ತಿ ಕಪ್ಪು ಇಸಗಂಡ್ಲು. ಟ್ರೇದಾಗ ಆಕಿ ಪಾಲಿನ ಹಾಲಿನ ಚಾ ಹಂಗ ಉಳದಿತ್ತು, ಹಬೆ ಆಡಾಕತ್ತಿತ್ತು. ಅದನ್ನ ನೋಡಿ ಅತ್ತಿ ಅಂದ್ಲು, "ನನ್ನ ಪಾಲಿಂದು ಇವರಿಗೆ ಕೊಡ್ರಿ ಬೀಗತೇರ. ನಿಮ್ಮ ಚಾ ಈ ಸಲ ತಿರುಗಿ ಹೋಗಬಾರ್ದು."

ಮಾವ ಕಪ್ಪು ತಗಂಡು ಅತ್ತಿ ಮಗ್ಗಲಾಗ ಕುಂತ. ಬೀಗರ ಮನ್ಯಾಗ, ಎಲ್ರ ಮುಂದ, ಇಬ್ಬರೂ ಹಂಗ ಮಗ್ಗಲಾ ಮಗ್ಗಲಾ ಕುಂತದ್ದನ್ನ ನಾನು ಯಾವತ್ತೂ ನೋಡಿದ್ದಿಲ್ಲ. ಮಂದಿ ಮತ್ತ ತಮ್ಮ ತಮ್ಮ ಮಾತಿಗೆ ಹತ್ತಿದ್ರು. ನಾನು ಹಿಂದ ಇದ್ದೆ, ನನಗಷ್ಟ ಕೇಳಸ್ತು.

ಮಾವ ಒಂದು ಗುಟುಕು ಕುಡದ.

"ಶುಂಠಿ ಐತೇನ್ರಿ?" ಅತ್ತಿ ಸಣ್ಣಕ ಕೇಳಿದ್ಲು.

"ಐತಿ. ಜಜ್ಜಿ ಹಾಕ್ಯಾರ."

"ಯಾಲಕ್ಕಿ?"

ಮಾವ ಬಾಯಾಗ ಆಡಿಸಿ ನೋಡಿದ. "ಇಲ್ಲ."

"ಸಕ್ರಿ?"

"ಚೂರು ಮುಂದ ಐತಿ. ನೀ ಹಾಕ್ತಿದ್ಯಲ್ಲ, ಹಂಗ."

"ಹಾಲು?"

"ಗಟ್ಟಿ ಐತಿ. ಗಂಟಲಾಗ ನಿಂತು ಇಳೀತೈತಿ."

ಅತ್ತಿ ಅವನ ಮುಖಾನ ನೋಡ್ತಿದ್ಲು. ಕುಡ್ಯಾವ ಅವನಾದ್ರೂ ಗುಟುಕು ಆಕಿ ಗಂಟಲಾಗ ಇಳೀತು. ನಾನ ಕಂಡೆ.

"ಇನ್ನೊಂದು ಗುಟುಕು ಕುಡೀರಿ" ಅಂದ್ಲು. "ಜಲ್ದಿ ಮಾಡಬ್ಯಾಡ್ರಿ."